ಸಮುದ್ರದ ಪಕ್ಕದ ಹಳೆಯ ಮನೆ: ಕೊಳ್ಳಬಹುದೆ, ಕೆಡವಬೇಕೆ?

ಪ್ರಶ್ನೆ: ಸಮುದ್ರತೀರದ ಪಟ್ಟಣವೊಂದರಲ್ಲಿ ನೂರು ವರ್ಷ ಹಳೆಯದೆನ್ನಲಾದ ಮನೆಯೊಂದು ಮಾರಾಟಕ್ಕಿದೆ. ಕಡಲು ಅಲ್ಲಿಂದ ನಡೆದುಹೋಗುವಷ್ಟೇ ದೂರ. ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಾರೆ, ಹೆಂಚಿನ ಮಾಡು, ಮರದ ಅಟ್ಟ, ಮುಂದೆ ಉದ್ದನೆಯ ಜಗುಲಿ. ಹಿಂಬದಿಯ ಅಡುಗೆಮನೆ, ಬಚ್ಚಲುಮನೆಗಳನ್ನು ಸುಮಾರು ನಲವತ್ತು ವರ್ಷಗಳ ಹಿಂದೆ ಸೇರಿಸಿದ್ದು, ಅವುಗಳಿಗೆ ಕಾಂಕ್ರೀಟಿನ ತಾರಸಿಯಿದೆ. ಒಂದೇ ಕುಟುಂಬದ ಮೂರು ತಲೆಮಾರು ಬಾಳಿದ ಮನೆಯನ್ನು ಈಗ ಒಡಹುಟ್ಟಿದವರೆಲ್ಲ ಸೇರಿ ಮಾರಲು ಹೊರಟಿದ್ದಾರೆ. ನನಗೂ ಪತಿಗೂ ಮನೆ ಬಹಳ ಹಿಡಿಸಿದೆ. ಆದರೆ ಗೋಡೆಗಳ ಬುಡದಲ್ಲಿ ಸೊಂಟದೆತ್ತರದವರೆಗೆ ಬಣ್ಣ ಸುಲಿದು ಬಿಳಿ ಪುಡಿ ಉದುರುತ್ತದೆ. ಸಮುದ್ರದ ಬದಿಯ ಮನೆಗಳೆಲ್ಲ ಹೀಗೆಯೇ, ವಾಟರ್‌ಪ್ರೂಫ್ ಪೇಂಟ್ ಹೊಡೆದರೆ ಸಾಕು ಎಂದು ದಲ್ಲಾಳಿ ಹೇಳುತ್ತಾರೆ. ಹಳೆಯ ಗಾರೆಯನ್ನೆಲ್ಲ ಕಿತ್ತು ಸಿಮೆಂಟ್ ಪ್ಲಾಸ್ಟರ್ ಮಾಡಿ, ಗೋಡೆಯ ಬುಡದಲ್ಲಿ ರಂಧ್ರ ಕೊರೆದು ನೀರು ತಡೆಯುವ ರಾಸಾಯನಿಕ ಇಂಜೆಕ್ಷನ್ ಕೊಡಬೇಕು ಎಂಬುದು ಒಬ್ಬ ಗುತ್ತಿಗೆದಾರರ ಮಾತು. ಜಾಗದ ಬೆಲೆಯಷ್ಟೇ ಕೊಟ್ಟು ಕೊಂಡು, ಕೆಡವಿ ಹೊಸದು ಕಟ್ಟಿ ಎನ್ನುತ್ತಾರೆ ನನ್ನ ಭಾವ. ಮಳೆಗಾಲಕ್ಕೆ ಮೊದಲೇ ಮುಂಗಡ ಕೊಡಿ ಎಂಬ ಒತ್ತಾಯವೂ ಇದೆ. ಯಾರ ಮಾತು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಆತಂಕಗಳು ಬೆರೆತಿವೆ. ಈ ಮನೆ ಒಳಗೊಳಗೇ ಕುಸಿಯುತ್ತಿದೆಯೆ ಎಂಬುದು ಒಂದು. ಕೊಂಡ ಮೇಲೆ ಅದು ನಮ್ಮ ಉಳಿತಾಯವನ್ನೆಲ್ಲ ನುಂಗಿಬಿಡುತ್ತದೆಯೆ ಎಂಬುದು ಇನ್ನೊಂದು. ಮೊದಲನೆಯದಕ್ಕೆ, ನೀವು ಬರೆದಷ್ಟರ ಆಧಾರದ ಮೇಲೆ ಹೇಳುವುದಾದರೆ, ಹಳೆಯ ಭಾಗವನ್ನು ಕೆಡವಬೇಕೆನ್ನುವ ಲಕ್ಷಣ ಒಂದೂ ನನಗೆ ಕಾಣುವುದಿಲ್ಲ. ಎರಡನೆಯದಕ್ಕೆ ಉತ್ತರ ಅಡಗಿರುವುದು ನೀವು ಹೆಚ್ಚು ಚಿಂತಿಸದ ಹಿಂಬದಿಯ ಕಾಂಕ್ರೀಟ್ ಕಟ್ಟಡದಲ್ಲಿ. ನಿಮ್ಮ ಮೂವರು ಸಲಹೆಗಾರರಲ್ಲಿ ಯಾರೂ ಪೂರ್ತಿ ಸರಿಯಿಲ್ಲ, ದಲ್ಲಾಳಿಯಂತೂ ಎಲ್ಲರಿಗಿಂತ ಹೆಚ್ಚು ತಪ್ಪು.

ಬಿಳಿ ಪುಡಿಯಿಂದಲೇ ಆರಂಭಿಸೋಣ. ಅದು ಸುಣ್ಣವಲ್ಲ, ಬೂಷ್ಟೂ ಅಲ್ಲ, ಉಪ್ಪು. ಸಮುದ್ರದ ನೀರಿನ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ಅಲೆಗಳು ಒಡೆಯುವಾಗ ಏಳುವ ಸಣ್ಣ ಹನಿಗಳು ಗಾಳಿಯಲ್ಲಿ ತೇಲಿ ಬಂದು ಗೋಡೆಯ ಮೇಲೆ ಕೂರುತ್ತವೆ. ನೆಲದಡಿಯ ನೀರಿನಲ್ಲಿಯೂ ಉಪ್ಪಿರಬಹುದು. ಕಟ್ಟುವಾಗ ಕಡಲ ಮರಳನ್ನೋ ಸವಳು ನೀರನ್ನೋ ಬಳಸಿದ್ದರೆ ಉಪ್ಪು ಗೋಡೆಯ ಹುಟ್ಟಿನಿಂದಲೇ ಅದರೊಳಗಿದೆ. ನೆಲದ ತೇವವು ಕಲ್ಲು ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳ ಮೂಲಕ ಈ ಉಪ್ಪನ್ನು ಕರಗಿಸಿಕೊಂಡು ಮೇಲೇರುತ್ತದೆ. ಏರುವ ನೀರೂ ಆವಿಯಾಗುವ ನೀರೂ ಸಮವಾಗುವ ಎತ್ತರದಲ್ಲಿ ಅದು ನಿಲ್ಲುತ್ತದೆ. ಸಾಮಾನ್ಯವಾಗಿ ಒಂದರಿಂದ ಒಂದೂವರೆ ಮೀಟರಿನೊಳಗೆ. ನೀವು ಹೇಳಿದ ಸೊಂಟದೆತ್ತರ ಇದಕ್ಕೆ ಸರಿಯಾಗಿ ಹೊಂದುತ್ತದೆ. ನೀರು ಗಾಳಿಗೆ ಹೋಗುತ್ತದೆ, ಉಪ್ಪು ಹಿಂದೆ ಉಳಿದು ಹರಳುಗಟ್ಟುತ್ತದೆ. ಹರಳು ಗೋಡೆಯ ಹೊರಮೈಯಲ್ಲಿ ಕಟ್ಟಿದರೆ ಕಾಣಲು ಅಸಹ್ಯ, ಅಷ್ಟೇ. ಒಣ ಬ್ರಷ್ಷಿನಲ್ಲಿ ಗುಡಿಸಿ ತೆಗೆಯಬಹುದು. ಹೊರಮೈಯಿಂದ ಕೆಲವು ಮಿಲಿಮೀಟರ್ ಒಳಗೆ ಕಟ್ಟಿದಾಗ ಮಾತ್ರ ಅದು ರಂಧ್ರಗಳ ಗೋಡೆಗಳನ್ನು ಒತ್ತಿ ಒಡೆಯುತ್ತದೆ, ಗಾರೆ ಮರಳಿನಂತೆ ಉದುರತೊಡಗುತ್ತದೆ.

ಇದು ಇಲ್ಲಿಗೇ ಮುಗಿಯುವುದಿಲ್ಲ. ಅಡುಗೆ ಉಪ್ಪು, ಅಂದರೆ ಸೋಡಿಯಂ ಕ್ಲೋರೈಡ್, ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು ಶೇಕಡ 75ನ್ನು ದಾಟಿದೊಡನೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಂಡು ಕರಗುತ್ತದೆ. ಅದಕ್ಕಿಂತ ಕೆಳಗಿಳಿದಾಗ ಮತ್ತೆ ಹರಳಾಗುತ್ತದೆ. ಕಡಲತೀರದ ಗಾಳಿ ಈ ಗೆರೆಯನ್ನು ಎಷ್ಟೋ ದಿನಗಳಲ್ಲಿ ಅತ್ತಿಂದಿತ್ತ ದಾಟುತ್ತಲೇ ಇರುತ್ತದೆ. ಹಾಗಾಗಿ ನೆಲದ ನೀರು ಪೂರ್ತಿ ನಿಂತಿದ್ದರೂ ಉಪ್ಪು ತುಂಬಿದ ಗೋಡೆ ಬೆಳಗ್ಗೆ ಮುಟ್ಟಿದರೆ ತಣ್ಣಗೆ ಜಿನುಗುತ್ತಿರುತ್ತದೆ, ಮಧ್ಯಾಹ್ನ ಅದೇ ಜಾಗ ಒಣಗಿ ಹತ್ತಿಯ ಎಳೆಗಳಂಥ ಬಿಳಿ ನವಿರು ಎದ್ದಿರುತ್ತದೆ. ಮುಂದಿನ ಸಲ ಹೋದಾಗ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಹಿಡಿದು ಅಡ್ಡ ಬೆಳಕಿನಲ್ಲಿ ನೋಡಿ. ಉಬ್ಬಿದ ಪದರ, ತೇಪೆ ಹಾಕಿದ ಗುರುತು, ಹೊಸ ಬಣ್ಣದ ಕೆಳಗಿನ ಹಳೆಯ ತೇವದ ಗೆರೆ, ಎಲ್ಲವೂ ನೆರಳಿನಲ್ಲಿ ಎದ್ದು ಕಾಣುತ್ತವೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಗುತ್ತಿಗೆದಾರರು ಎರಡು ಮೊಳೆಗಳಿರುವ ಪುಟ್ಟ ಮೀಟರನ್ನು ಗೋಡೆಗೆ ಚುಚ್ಚಿ, ಕೆಂಪು ದೀಪ ಹತ್ತಿದ್ದನ್ನು ತೋರಿಸಿ, ನೆಲದಿಂದ ನೀರೇರುತ್ತಿದೆ ಎಂದು ಹೇಳಿರಬಹುದು. ಆ ಮೀಟರು ಅಳೆಯುವುದು ನೀರನ್ನಲ್ಲ, ವಿದ್ಯುತ್ ಹರಿಯಲು ಇರುವ ಪ್ರತಿರೋಧವನ್ನು. ಅದು ಮರಕ್ಕಾಗಿ ರೂಪುಗೊಂಡ ಉಪಕರಣ. ಉಪ್ಪು ಸ್ವತಃ ವಿದ್ಯುತ್ತಿಗೆ ದಾರಿ ಮಾಡಿಕೊಡುವುದರಿಂದ ತೀರದ ಹಳೆಯ ಗೋಡೆಯಲ್ಲಿ, ನೀರು ಸ್ವಲ್ಪವೇ ಇದ್ದರೂ, ದೀಪ ಕೆಂಪಗಾಗುತ್ತದೆ. ನಿಜವಾದ ಪರೀಕ್ಷೆಗೆ ಗೋಡೆಯ ಬೇರೆ ಬೇರೆ ಎತ್ತರಗಳಲ್ಲಿ ನಿಧಾನವಾಗಿ ರಂಧ್ರ ಕೊರೆದು, ಒಳಗಿನ ಪುಡಿಯನ್ನು ತೂಗಿ, ಒಣಗಿಸಿ, ಮತ್ತೆ ತೂಗಿ, ಉಪ್ಪಿನಂಶವನ್ನು ಪ್ರಯೋಗಾಲಯದಲ್ಲಿ ಬೇರೆಯಾಗಿ ನೋಡಬೇಕು. ಇಂಜೆಕ್ಷನ್ನಿನ ಖರ್ಚಿಗೆ ಹೋಲಿಸಿದರೆ ಇದು ಅಗ್ಗ. ಆದರೂ ಮಾಡಿಸುವವರು ಕಡಿಮೆ.

ರಾಸಾಯನಿಕ ಇಂಜೆಕ್ಷನ್ ಎಲ್ಲಿಯೂ ಕೆಲಸ ಮಾಡುವುದಿಲ್ಲವೆಂದು ನಾನು ಹೇಳಲಾರೆ. ಒಂದೇ ಸಮನಾದ ಇಟ್ಟಿಗೆ ಗೋಡೆಯಲ್ಲಿ, ಕಾರಣವನ್ನು ಸರಿಯಾಗಿ ಪತ್ತೆಹಚ್ಚಿದ ಮೇಲೆ, ಅದರಿಂದ ಉಪಯೋಗವಾಗುವುದುಂಟು. ಆದರೆ ದಪ್ಪ ಕಲ್ಲಿನ ಗೋಡೆಗಳಲ್ಲಿ ಎರಡು ಬದಿಯ ಕಲ್ಲುಸಾಲುಗಳ ನಡುವೆ ಜಲ್ಲಿ, ಮಣ್ಣು, ಗಾರೆಗಳನ್ನು ತುಂಬಿರುವುದು ಸಾಮಾನ್ಯ. ಅಲ್ಲಿ ದ್ರವ ಟೊಳ್ಳು ಸಿಕ್ಕತ್ತ ಹರಿದುಹೋಗಿ, ಉದ್ದಕ್ಕೂ ಎಡೆಬಿಡದ ಪದರ ಏರ್ಪಡುವುದು ಅನುಮಾನವೇ. ಏರ್ಪಟ್ಟರೂ ಈಗಾಗಲೇ ಗೋಡೆಯಲ್ಲಿರುವ ಉಪ್ಪು ಅಲ್ಲಿಯೇ ಇರುತ್ತದೆ.

ಸಿಮೆಂಟ್ ಪ್ಲಾಸ್ಟರ್ ಮತ್ತು ವಾಟರ್‌ಪ್ರೂಫ್ ಪೇಂಟಿನ ವಿಷಯ ಇದಕ್ಕಿಂತ ಗಂಭೀರ, ಏಕೆಂದರೆ ಅವು ನಿರುಪಯೋಗಿ ಮಾತ್ರವಲ್ಲ, ಹಾನಿಕರವೂ ಹೌದು. ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಜೋಸೆಫ್ ಆಸ್ಪ್‌ಡಿನ್ ಎಂಬಾತ 1824ರಲ್ಲಿ ಪೇಟೆಂಟ್ ಪಡೆದರೂ ಅದು ಸಾಮಾನ್ಯರ ಮನೆಗಳಿಗೆ ಬಂದದ್ದು ಬಹಳ ತಡವಾಗಿ. ನಿಮ್ಮ ಮನೆ ಕಟ್ಟಿದವರ ಕೈಯಲ್ಲಿದ್ದದ್ದು ಸುಣ್ಣ. ಸುಣ್ಣದ ಗಾರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ, ಆದರೆ ಕಲ್ಲಿಗಿಂತ ಮೆದುವಾಗಿಯೇ ಉಳಿಯುತ್ತದೆ. ಗೋಡೆಗೆ ಬಂದ ತೇವ ಆ ಗಾರೆಯ ಮೂಲಕವೇ ಹೊರಹೋಗುತ್ತದೆ, ಉಪ್ಪು ಒಡೆದರೆ ಗಾರೆಯನ್ನು ಒಡೆಯುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟಿನದು ಇದರ ವಿರುದ್ಧ ಸ್ವಭಾವ: ಗಟ್ಟಿ, ಬಿಗಿ, ಬಾಗದು. ಅದನ್ನು ಮೆತ್ತಿದ ಮೇಲೆ ಕೆಳಗಿನ ತೇವಕ್ಕೆ ಹೊರಬರುವ ದಾರಿ ಮುಚ್ಚಿಹೋಗಿ, ಸೊಂಟದೆತ್ತರದಲ್ಲಿದ್ದದ್ದು ಕೆಲವು ವರ್ಷಗಳಲ್ಲಿ ಭುಜದೆತ್ತರಕ್ಕೆ ಏರುತ್ತದೆ. ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟುತ್ತದೆ. ಕೊನೆಗೆ ಪ್ಲಾಸ್ಟರು ಹಲಗೆ ಹಲಗೆಯಾಗಿ ಕಳಚುವಾಗ ಕಲ್ಲಿನ ಮೈಯನ್ನೂ ಕಿತ್ತುಕೊಂಡೇ ಬೀಳುತ್ತದೆ. ನಾನು ನೋಡಿದ ತೀರದ ಹಳೆಯ ಮನೆಗಳಲ್ಲಿ ಗೋಡೆಗೆ ಆದ ಅತಿ ಕೆಟ್ಟ ಹಾನಿ ಸಮುದ್ರ ಮಾಡಿದ್ದಲ್ಲ, ಒಳ್ಳೆಯ ಮನಸ್ಸಿನಿಂದ ಮಾಡಿಸಿದ ಇಂಥ ರಿಪೇರಿ ಮಾಡಿದ್ದು. ವಾಟರ್‌ಪ್ರೂಫ್ ಪೇಂಟ್ ಇದೇ ಕೆಲಸವನ್ನು ತೆಳ್ಳಗಿನ ಪದರದಲ್ಲಿ ಮಾಡುತ್ತದೆ. ಗುಳ್ಳೆ ಏಳುವುದು ಮನೆ ನಿಮ್ಮ ಹೆಸರಿಗಾದ ಮೇಲೆ ಎಂಬುದಷ್ಟೇ ಮಾರುವವರಿಗೆ ಅದರಿಂದ ಆಗುವ ಲಾಭ.

ಹಾಗಾದರೆ ಮಾಡಬೇಕಾದದ್ದೇನು? ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು. ಮನೆಯ ಸುತ್ತ ಒಂದು ಸುತ್ತು ಹಾಕಿ, ಹೊರಗಿನ ನೆಲವೂ ಒಳಗಿನ ನೆಲವೂ ಯಾವ ಮಟ್ಟದಲ್ಲಿವೆ ನೋಡಿ. ಹಳೆಯ ಮನೆಗಳ ಪಂಚಾಂಗ, ಅಂದರೆ ನೆಲದಿಂದ ಮೇಲೆದ್ದ ಅಡಿಪಾಯದ ಕಟ್ಟೆ, ಸಾಮಾನ್ಯವಾಗಿ ಎತ್ತರದ್ದು. ಆದರೆ ರಸ್ತೆಗೆ ಪದರದ ಮೇಲೆ ಪದರ ಡಾಂಬರು ಬಿದ್ದು, ಅಂಗಳಕ್ಕೆ ಸಿಮೆಂಟು ಹಾಕಿ, ತೋಟದ ಮಣ್ಣು ಗೋಡೆಗೆ ಒತ್ತಿ, ಎಷ್ಟೋ ಮನೆಗಳಲ್ಲಿ ಅದು ಹೂತುಹೋಗಿರುತ್ತದೆ. ಹೆಂಚಿನ ಮಾಡಿನ ಸೂರಿನಿಂದ ಬೀಳುವ ನೀರು ಗೋಡೆಯ ಬುಡಕ್ಕೇ ಸಿಡಿಯುತ್ತಿದೆಯೆ, ಬಚ್ಚಲಿನ ಕೊಳವೆ ನೆಲದಡಿಯಲ್ಲಿ ಒಡೆದಿದೆಯೆ, ಇಂಗುಗುಂಡಿ ಗೋಡೆಗೆ ಎಷ್ಟು ಹತ್ತಿರ ಎಂಬುದನ್ನೂ ನೋಡಬೇಕು. ಗೋಡೆಯ ಪಕ್ಕದ ಮಣ್ಣನ್ನು ತಗ್ಗಿಸಿ, ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮತ್ತು ಚರಂಡಿ ಮಾಡುವುದರಿಂದಲೇ ಅರ್ಧ ಕೆಲಸ ಮುಗಿಯುವುದುಂಟು, ಮತ್ತು ಅದಕ್ಕೆ ಬೇಕಾದದ್ದು ಗುದ್ದಲಿಯಷ್ಟೇ.

ಬಳಿಕ ಹಾಳಾದ ಪ್ಲಾಸ್ಟರನ್ನು ತೇವದ ಗೆರೆಗಿಂತ ಸುಮಾರು ಅರ್ಧ ಮೀಟರ್ ಮೇಲಿನವರೆಗೆ ತೆಗೆದು, ಉದುರಿದ ಉಪ್ಪಿನ ಪುಡಿ ಮತ್ತೆ ನೆಲಕ್ಕೆ ಸೇರದಂತೆ ಬಾಚಿ ಹೊರಗೆ ಸಾಗಿಸಿ, ಗೋಡೆಯನ್ನು ಒಣಗಲು ಬಿಡಬೇಕು. ಒಣಗಲು ತಗಲುವ ಕಾಲಕ್ಕೆ ನಮ್ಮಲ್ಲಿ ಒಂದು ಸ್ಥೂಲ ಲೆಕ್ಕವಿದೆ: 25 ಮಿಲಿಮೀಟರ್ ದಪ್ಪಕ್ಕೆ ಒಂದು ತಿಂಗಳು. ನಿಮ್ಮ ಗೋಡೆ 450 ಮಿಲಿಮೀಟರ್ ಇದ್ದರೆ ಒಂದೂವರೆ ವರ್ಷ. ಕೊಳ್ಳುವವರ ತಾಳ್ಮೆ ಕೆಡುವುದು ಇಲ್ಲಿಯೇ. ಗೃಹಪ್ರವೇಶದ ದಿನ ಗೊತ್ತುಮಾಡಿಕೊಂಡು ಕೆಲಸ ಶುರುಮಾಡಿದವರು ಕೊನೆಗೆ ಸಿಮೆಂಟಿಗೇ ಶರಣಾಗುತ್ತಾರೆ. ಒಣಗಿದ ಮೇಲೆ ಸುಣ್ಣದ ಗಿಲಾವು, ಅದರ ಮೇಲೆ ಸುಣ್ಣದ ಬಣ್ಣ. ಗೋಡೆಯಲ್ಲಿ ಉಪ್ಪು ಉಳಿದೇ ಇರುವುದರಿಂದ ಬುಡದ ಗಿಲಾವನ್ನು ಕೆಲವು ವರ್ಷಗಳಿಗೊಮ್ಮೆ ಮತ್ತೆ ಮಾಡಿಸಬೇಕಾಗುತ್ತದೆ. ಉಪ್ಪನ್ನು ತಾನು ತೆಗೆದುಕೊಂಡು ಕಲ್ಲನ್ನು ಉಳಿಸುವುದೇ ಅದರ ಕೆಲಸ. ಈ ಮರುಕಳಿಸುವ ಖರ್ಚು ನಿಮಗೆ ಒಪ್ಪಿಗೆಯಿಲ್ಲದಿದ್ದರೆ ಸಮುದ್ರದ ಪಕ್ಕದ ಹಳೆಯ ಮನೆ ನಿಮಗೆ ಹೇಳಿಸಿದ್ದಲ್ಲ ಎಂದೇ ನಾನು ಹೇಳುತ್ತೇನೆ.

ಮಾಡು ಮತ್ತು ಅಟ್ಟದ ಮರ ನೋಡುವಾಗ ಕಣ್ಣಿಗೆ ಕಾಣುವ ನಡುಭಾಗಕ್ಕಿಂತ ಗೋಡೆಯೊಳಗೆ ಹೂತಿರುವ ತೊಲೆಯ ತುದಿಗಳು ಮುಖ್ಯ. ಮರದ ತೇವಾಂಶ ಶೇಕಡ 20ಕ್ಕಿಂತ ಬಹುಕಾಲ ಮೇಲಿದ್ದರೆ ಕೊಳೆತ ಹಿಡಿಯುತ್ತದೆ, ಒದ್ದೆ ಗೋಡೆಯೊಳಗಿನ ತುದಿಗಳು ಹಾಗಿರುವ ಸಂಭವ ಹೆಚ್ಚು. ಬಡಗಿಯೊಬ್ಬರನ್ನು ಕರೆದೊಯ್ದು, ಸ್ಕ್ರೂಡ್ರೈವರನ್ನು ತೊಲೆ ಗೋಡೆ ಸೇರುವ ಜಾಗದಲ್ಲಿ ಒತ್ತಿ ನೋಡಲು ಹೇಳಿ. ಗಟ್ಟಿ ಮರದಲ್ಲಿ ಅದು ಗೀರುತ್ತದೆ, ಕೊಳೆತ ಮರದಲ್ಲಿ ಒಳಗೇ ಹೋಗುತ್ತದೆ. ಗೋಡೆಯ ಮೂಲೆಗಳಲ್ಲಿ ಗೆದ್ದಲಿನ ಮಣ್ಣಿನ ನಾಳಗಳಿವೆಯೆ ಎಂದೂ ನೋಡಿ. ಇತ್ತೀಚೆಗೆ ಗುಡಿಸಿದ್ದರೂ ಕಂದು ಗೆರೆ ಉಳಿದಿರುತ್ತದೆ. ತುದಿ ಮಾತ್ರ ಕೊಳೆತಿದ್ದರೆ ಇಡೀ ತೊಲೆ ಬದಲಿಸಬೇಕಾಗಿಲ್ಲ, ಆ ಭಾಗವನ್ನು ಕತ್ತರಿಸಿ ಹೊಸ ಮರವನ್ನು ಬೆಸೆಯಬಹುದು. ಒಳ್ಳೆಯ ಮಾಡುಗಳು ಮರ ಕೆಟ್ಟು ಸೋಲುವುದಕ್ಕಿಂತ ಹೆಚ್ಚಾಗಿ ಕಬ್ಬಿಣದ ಮೊಳೆ, ಪಟ್ಟಿಗಳು ತುಕ್ಕು ಹಿಡಿದು ಸೋಲುತ್ತವೆ. ಬದಲಿಸುವಾಗ ತೀರಪ್ರದೇಶಕ್ಕೆ ಮಾಮೂಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಸಾಲದು, ಮಾಲಿಬ್ಡಿನಮ್ ಬೆರೆತ 316 ದರ್ಜೆಯದನ್ನೇ ಕೇಳಿ ಪಡೆಯಿರಿ.

ಈಗ ಹಿಂಬದಿಯ ತಾರಸಿ. ಹೊಸದು, ಕಾಂಕ್ರೀಟಿನದು, ಆದ್ದರಿಂದ ಗಟ್ಟಿ ಎಂಬ ನಂಬಿಕೆ ಎಲ್ಲರಲ್ಲಿಯೂ ಇದೆ. ತೀರದಲ್ಲಿ ನಲವತ್ತು ವರ್ಷ ಕಳೆದ, ಅದೂ ಬಚ್ಚಲಿನ ಆವಿ ತಾಗುವ ಕಾಂಕ್ರೀಟಿನ ಬಗ್ಗೆ ನನ್ನ ಅನುಮಾನ ನೂರು ವರ್ಷದ ಕಲ್ಲುಗೋಡೆಯ ಬಗೆಗಿನದಕ್ಕಿಂತ ಬಹಳ ಹೆಚ್ಚು. ಹೊಸ ಕಾಂಕ್ರೀಟು ಪ್ರಬಲ ಕ್ಷಾರ. ಕ್ಷಾರತೆಯ ಅಳತೆಯಾದ ಅದರ ಪಿಎಚ್ 12ಕ್ಕಿಂತ ಮೇಲಿರುವುದರಿಂದ ಒಳಗಿನ ಕಬ್ಬಿಣದ ಸರಳಿನ ಮೈಮೇಲೆ ತೆಳುವಾದ ರಕ್ಷಣೆಯ ಪೊರೆ ಏರ್ಪಟ್ಟಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ವರ್ಷವರ್ಷವೂ ಒಳಸರಿದು ಆ ಕ್ಷಾರತೆಯನ್ನು ಇಳಿಸುತ್ತದೆ, ಉಪ್ಪಿನ ಕ್ಲೋರೈಡು ಪೊರೆಯನ್ನು ನೇರವಾಗಿಯೇ ಹರಿಯುತ್ತದೆ. ಆಮೇಲೆ ಹಿಡಿಯುವ ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಕಾಂಕ್ರೀಟು ಸರಳಿನ ಗುಂಟ ಬಿರಿದು, ಚಕ್ಕೆ ಕಳಚಿ, ತಲೆಯ ಮೇಲೆ ಬೀಳುತ್ತದೆ. ಕಲ್ಲುಗೋಡೆ ಹಾಳಾಗುವುದು ಕಣ್ಣಿಗೆ ಕಾಣುವಂತೆ, ನಿಧಾನವಾಗಿ. ಇದು ಒಳಗೆ ಬೆಳೆದು ಒಮ್ಮೆಲೇ ಹೊರಬೀಳುವ ರೋಗ.

ಆದ್ದರಿಂದ ಪರೀಕ್ಷೆಯ ಹಣದಲ್ಲಿ ಹೆಚ್ಚಿನ ಪಾಲನ್ನು ಇಲ್ಲಿಗೆ ಇಡಿ. ತಾರಸಿಯ ಅಡಿಭಾಗಕ್ಕೆ ಹೊಸದಾಗಿ ಪ್ಲಾಸ್ಟರ್ ಆಗಿದ್ದರೆ ಅಥವಾ ಜಿಪ್ಸಮ್ ಸೀಲಿಂಗ್ ಕೂರಿಸಿದ್ದರೆ ಮೊದಲು ಅದರ ಒಂದು ಭಾಗವನ್ನು ತೆಗೆಸಿ ನೋಡಬೇಕು. ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋದರೆ ಬಿಟ್ಟುಕೊಂಡ ಜಾಗಗಳು ಡೊಳ್ಳು ದನಿ ಕೊಡುತ್ತವೆ. ಹೊಸದಾಗಿ ಒಡೆದ ಮುಖಕ್ಕೆ ಫೀನಾಲ್ಫ್ತಲೀನ್ ದ್ರಾವಣ ಸಿಂಪಡಿಸಿದಾಗ ಕ್ಷಾರತೆ ಉಳಿದಿರುವ ಕಾಂಕ್ರೀಟು ಕಡುಗುಲಾಬಿಯಾಗುತ್ತದೆ. ಬಣ್ಣ ಬಾರದ ಭಾಗ ಸರಳಿನವರೆಗೂ ತಲುಪಿದ್ದರೆ ಕ್ಷಾರದ ರಕ್ಷಣೆ ಮುಗಿದಿದೆ ಎಂದರ್ಥ. ಗುಲಾಬಿ ಬಂದರೂ ನೆಮ್ಮದಿಪಡುವಂತಿಲ್ಲ, ಏಕೆಂದರೆ ಈ ಪರೀಕ್ಷೆ ಉಪ್ಪನ್ನು ತೋರಿಸುವುದಿಲ್ಲ; ಕೊರೆದ ಪುಡಿಯಲ್ಲಿ ಕ್ಲೋರೈಡ್ ಎಷ್ಟಿದೆ ಎಂದು ಪ್ರಯೋಗಾಲಯದಿಂದ ತಿಳಿಯಬೇಕು. ಉಪ್ಪು ಆಳಕ್ಕೆ ಇಳಿದಿರುವಲ್ಲಿ ಕಿತ್ತ ಜಾಗಕ್ಕಷ್ಟೇ ತೇಪೆ ಹಾಕಿದರೆ, ತೇಪೆಯ ಅಂಚಿನಾಚೆಗಿನ ಸರಳು ಮೊದಲಿಗಿಂತ ಬೇಗ ತುಕ್ಕು ಹಿಡಿಯುವುದು ಸಾಮಾನ್ಯ. ಹೊಸ ಮತ್ತು ಹಳೆಯ ಕಾಂಕ್ರೀಟಿನ ನಡುವೆ ವಿದ್ಯುದ್ರಾಸಾಯನಿಕ ವ್ಯತ್ಯಾಸ ಏರ್ಪಡುವುದು ಅದಕ್ಕೆ ಕಾರಣ. ವರದಿ ಕೆಟ್ಟದಾಗಿ ಬಂದರೆ ಹಿಂಬದಿಯನ್ನು ಮಾತ್ರ ಕೆಡವಿ ಹಗುರವಾದ ಮಾಡು ಹಾಕಿಸುವುದೇ ಲೇಸು. ಹಳೆಯ ಗೋಡೆಗೆ ತಾರಸಿಯನ್ನು ಕೊರೆದು ಕೂರಿಸಿದ್ದರೆ ಅದನ್ನು ಬಿಡಿಸುವಾಗ ಯಂತ್ರದ ಸುತ್ತಿಗೆ ಬೇಡ, ವಜ್ರದ ಹರಳು ಕೂರಿಸಿದ ಕತ್ತರಿಸುವ ಚಕ್ರ ಇರಲಿ.

ನಿಮ್ಮ ಭಾವನ ಮಾತಿನಲ್ಲಿ ಲೆಕ್ಕಾಚಾರವಿದೆ, ಆದರೆ ಒಂದು ಅಂಶ ಬಿಟ್ಟುಹೋಗಿದೆ. ಕಡಲತೀರದಿಂದ ಇಂತಿಷ್ಟು ದೂರದವರೆಗೆ ಹೊಸ ಕಟ್ಟಡಕ್ಕೆ ನಿರ್ಬಂಧ ಹೇರುವ ನಿಯಮಗಳು ಹಲವು ದೇಶಗಳಲ್ಲಿವೆ. ಇರುವ ಮನೆಯನ್ನು ದುರಸ್ತಿ ಮಾಡಿಕೊಂಡು ಉಳಿಸಿಕೊಳ್ಳಲು ಅಡ್ಡಿಯಿಲ್ಲದಲ್ಲಿಯೂ, ಕೆಡವಿದ ಮೇಲೆ ಅದೇ ಜಾಗದಲ್ಲಿ, ಅದೇ ಅಳತೆಯಲ್ಲಿ ಕಟ್ಟಲು ಪರವಾನಗಿ ಸಿಗದೆ ಹೋಗಬಹುದು. ಆಗ ನಿಮ್ಮ ಕೈಯಲ್ಲಿ ಉಳಿಯುವುದು ಮನೆಯೂ ಅಲ್ಲದ, ನಿವೇಶನವೂ ಅಲ್ಲದ ನೆಲ. ಕೆಡವುವ ಯೋಚನೆ ಇದ್ದರೆ ಸ್ಥಳೀಯ ಆಡಳಿತದಿಂದ ಲಿಖಿತ ಉತ್ತರ ಸಿಕ್ಕಿದ ಮೇಲೆಯೇ ಬೆಲೆಯ ಮಾತು ಆಡಿ. ಸೇರಿಸಿ ಕಟ್ಟಿದ ಹಿಂಬದಿಗೆ ಅನುಮತಿ ಇತ್ತೆ ಎಂಬುದನ್ನೂ ಅಲ್ಲಿಯೇ ವಿಚಾರಿಸಬಹುದು.

ಅಲ್ಲಿಗೆ ಹೋದಾಗಲೇ ತೀರ ಕೊರೆತದ ಮತ್ತು ನೆರೆಯ ನಕ್ಷೆಗಳನ್ನು ಕೇಳಿ. 1901ರಿಂದ 2018ರ ನಡುವೆ ಜಗತ್ತಿನ ಸರಾಸರಿ ಸಮುದ್ರಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ, ಏರಿಕೆಯ ವೇಗವೂ ಹೆಚ್ಚುತ್ತಿದೆ. ಭರತದ ಹೊತ್ತಿಗೇ ಜೋರು ಮಳೆ ಬಂದರೆ ಆ ಬೀದಿಯ ಚರಂಡಿಯ ನೀರು ಕಡಲಿಗೆ ಹೋಗುತ್ತದೆಯೋ ಹಿಂದಕ್ಕೆ ಬರುತ್ತದೆಯೋ ಎಂದು ನೆರೆಮನೆಯ ಹಿರಿಯರನ್ನು ಕೇಳಿದರೆ ನಕ್ಷೆಗಿಂತ ಸ್ಪಷ್ಟವಾದ ಉತ್ತರ ಸಿಗುತ್ತದೆ. ತೀರ ಮನೆಯತ್ತ ಸರಿಯುತ್ತಿದೆ ಎಂದಾದರೆ ಸುಣ್ಣ, ಸಿಮೆಂಟುಗಳ ಚರ್ಚೆಯೇ ಬೇಡ, ಬಿಟ್ಟುಬಿಡಿ.

ಒಡೆತನದ ಬಗ್ಗೆ ವಕೀಲರು ಹೇಳುವುದೇ ಕೊನೆಯ ಮಾತು, ಆದರೂ ಕುಟುಂಬದ ಮನೆಗಳಲ್ಲಿ ವ್ಯವಹಾರ ಕೆಡುವುದು ಹೆಚ್ಚಾಗಿ ಸಹಿ ಹಾಕಬೇಕಾದ ಒಬ್ಬರು ಲೆಕ್ಕಕ್ಕೆ ಬಾರದೆ ಹೋದದ್ದರಿಂದ: ದೂರದೇಶದಲ್ಲಿರುವ ಸೋದರ, ತೀರಿಹೋದ ಅಕ್ಕನ ಮಕ್ಕಳು. ವಿದ್ಯುತ್ ವೈರಿಂಗ್ ಪೂರ್ತಿ ಹೊಸದಾಗಿ ಆಗಬೇಕೆಂದೇ ಇಟ್ಟುಕೊಳ್ಳಿ. ಹಿತ್ತಿಲ ಚಪ್ಪರಕ್ಕೆ ಹಳೆಯ ಸಿಮೆಂಟ್ ಶೀಟುಗಳಿದ್ದರೆ ಅವು ಕಲ್ನಾರಿನವು, ಅಂದರೆ ಆಸ್ಬೆಸ್ಟಾಸ್ ಬೆರೆತವು, ಆಗಿರಬಹುದು. ಒಡೆಯದೆ, ಕೊರೆಯದೆ, ತಿಳಿದವರಿಂದಲೇ ತೆಗೆಸಿ. ಬಾಗಿಲು ಕಿಟಕಿಗಳ ಹಳೆಯ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ, ಆದ್ದರಿಂದ ಒಣದಾಗಿ ಉಜ್ಜಿಸಬೇಡಿ, ಮಕ್ಕಳಿದ್ದರಂತೂ ಬೇಡವೇ ಬೇಡ.

ಉಳಿದದ್ದು ಮುಂಗಡದ ಅವಸರ. ಮಳೆಗಾಲಕ್ಕೆ ಮೊದಲೇ ಮುಗಿಸಿ ಎಂದು ಮಾರುವವರು ಹೇಳುವ ಕಾರಣಕ್ಕಾಗಿಯೇ ನೀವು ಮಳೆ ನೋಡದೆ ಮುಗಿಸಬಾರದು. ಕೈತಪ್ಪಿಹೋದೀತೆಂಬ ಭಯವಿದ್ದರೆ ಸಣ್ಣ ಮೊತ್ತವೊಂದನ್ನು ಕೊಟ್ಟು, ಎಂಜಿನಿಯರರ ಪರೀಕ್ಷೆ ಮತ್ತು ಕಾಗದಪತ್ರಗಳ ತನಿಖೆ ನಿಮಗೆ ತೃಪ್ತಿಕರವಾಗದಿದ್ದರೆ ಅದು ಹಿಂದಿರುಗುವಂತೆ ಕರಾರಿನಲ್ಲಿಯೇ ಬರೆಸಿಕೊಳ್ಳಿ. ಪ್ಲಾಸ್ಟರ್ ಕೆತ್ತುವುದಕ್ಕೂ ರಂಧ್ರ ಕೊರೆಯುವುದಕ್ಕೂ ಮಾಲೀಕರ ಒಪ್ಪಿಗೆ ಅದರಲ್ಲಿಯೇ ಇರಲಿ. ವರದಿ ಬಂದ ಮೇಲೆ ಖರ್ಚನ್ನು ತಕ್ಷಣದ್ದು, ಗೋಡೆ ಒಣಗಿದ ನಂತರದ್ದು, ವರ್ಷಗಳ ಮೇಲೆ ಮರುಕಳಿಸುವುದು ಎಂದು ವಿಂಗಡಿಸಿ ಬರೆಸಿ, ಒಟ್ಟು ಮೊತ್ತಕ್ಕೆ ಕಾಲು ಭಾಗವನ್ನಾದರೂ ಕೂಡಿಸಿಕೊಳ್ಳಿ. ಹಳೆಯ ಮನೆ ಬಿಚ್ಚಿದಾಗ ಹೊಸದೇನಾದರೂ ಕಂಡೇ ಕಾಣುತ್ತದೆ. ಮೊದಲ ಎರಡನ್ನು ಮುಂದಿಟ್ಟುಕೊಂಡು ಬೆಲೆ ಇಳಿಸುವಂತೆ ಕೇಳುವುದು ನ್ಯಾಯವಾದದ್ದು, ಮೂರನೆಯದು ನಿಮ್ಮದೇ ಹೊರೆ. ನಂತರ ಜೋರು ಮಳೆ ಹಿಡಿದ ಒಂದು ದಿನ, ಕೊಡೆ ಹಿಡಿದು ಹೊರಗಿನಿಂದ ಅರ್ಧ ಗಂಟೆ, ಅಟ್ಟದಲ್ಲಿ ಕೂತು ಇನ್ನರ್ಧ ಗಂಟೆ ನೀರಿನ ದಾರಿಯನ್ನು ನೋಡಿ. ಆ ಭೇಟಿಗೆ ಮಾಲೀಕರು ಒಪ್ಪದಿದ್ದರೆ ಮುಂಗಡವನ್ನು ಹಿಂದಕ್ಕೆ ಪಡೆಯಿರಿ.